ಎರಡು ಸಲ ಒತ್ತಿದ ಗುಂಡಿ

"ಈ ಹಾಲು ತಗೊಳ್ಳೋಕಾಗಲ್ಲ."

ಅವಳು ಮೆಲ್ಲಗೇ ಹೇಳಿದ್ದಳು. ಆದರೂ ಕಿಟಕಿಯ ಆಚೆ ನಿಂತಿದ್ದವನ ಮುಖ ಕೆನ್ನೆಗೆ ಏಟು ಬಿದ್ದವರ ಹಾಗಾಯಿತು.

ಅವನು ಓಡಿ ಬಂದಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದೆಗವಚಿ ತಂದಿದ್ದ ಐಸ್ ಬಾಕ್ಸನ್ನು ಕಟ್ಟೆಯ ಮೇಲಿಟ್ಟು, ಒಳಗಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದಿದ್ದ. ತಳದಲ್ಲಿ ಬೆರಳಗಲವೂ ಇಲ್ಲದಷ್ಟು ಹಾಲು. ಮೇಲಿನ ಲೇಬಲ್ ನೆಂದು, ಶಾಯಿ ಹರಡಿ, ಹೆಸರೂ ಇಲ್ಲ, ಸಮಯವೂ ಇಲ್ಲ.

"ಯಾಕಾಗಲ್ಲ?"

"ಲೇಬಲ್ ಓದೋಕೆ ಬರ್ತಿಲ್ಲ. ಯಾವ ತಾಯಿದು, ಯಾವಾಗ ತೆಗೆದಿದ್ದು ಅಂತ ಗೊತ್ತಾಗಲ್ಲ."

"ನಾನು ಹೇಳ್ತಿದೀನಲ್ಲ. ನಮ್ಮಕ್ಕಂದು. ಒಳಗಿರೋ ಅವಳಿ ಮಕ್ಕಳ ತಾಯಿ. ಬೆಳಿಗ್ಗೆ ತೆಗೆದಿದ್ದು."

"ನೀವು ಹೇಳೋದು ನಿಜಾನೇ ಇರುತ್ತೆ. ಆದ್ರೂ ಇಲ್ಲಿ ಬರೀ ಮಾತಿನ ಮೇಲೆ ಹಾಲು ಕೊಡೋ ಹಾಗಿಲ್ಲ."

"ಅವಳಿಗೆ ಆಪರೇಷನ್ ಆಗಿದೆ." ಅವನು ಬಾಟಲಿಯನ್ನು ಇನ್ನಷ್ಟು ಮುಂದೆ ತಳ್ಳಿದ. "ಜ್ವರದಲ್ಲಿ ಬೇರೆ ಆಸ್ಪತ್ರೇಲಿ ಮಲಗಿದಾಳೆ. ಇನ್ನೂ ಮಕ್ಕಳ ಮುಖ ಸರಿಯಾಗಿ ನೋಡಿಲ್ಲ. ಇಷ್ಟು ಹಾಲು ತೆಗೆಯೋಕೆ ಎಷ್ಟು ಹೊತ್ತು ಅತ್ತಳು ಅಂತ ನಿಮಗೆ ಗೊತ್ತಾ?"

ಅವಳಿಗೆ ಗೊತ್ತಿತ್ತು. ದಿನವೂ ನೋಡುತ್ತಿದ್ದಳಲ್ಲ... ಒಂದು ಚಮಚ ಹಾಲಿಗಾಗಿ ಹಲ್ಲು ಕಚ್ಚಿ ಕೂರುವ ತಾಯಂದಿರನ್ನು.

ಅವಳು ಬಾಟಲಿ ತೆಗೆದುಕೊಂಡು ಸಿಂಕಿನ ಬಳಿ ಹೋದಳು. ಮುಚ್ಚಳ ಬಿಚ್ಚಿದವಳು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಹಾಲನ್ನು ಸಿಂಕಿಗೆ ಬಗ್ಗಿಸಿದಳು. ಬೆನ್ನು ತಿರುಗಿಸಿದ್ದರೂ, ತೋಳಿನಿಂದ ಅವಳು ಕಣ್ಣೊರೆಸಿಕೊಂಡದ್ದು ಅವನಿಗೆ ಕಂಡಿತು.

ತಿರುಗಿ ಬಂದಾಗ ಅವಳ ಕೈಯಲ್ಲಿ ನೀರು ತಾಗದ ಲೇಬಲ್‌ಗಳ ಹಾಳೆ, ಒಂದು ದಪ್ಪ ಪೆನ್ನು ಇದ್ದವು.

"ಇದರಲ್ಲಿ ಬರೆದ್ರೆ ಅಳಿಸಲ್ಲ. ಇವತ್ತು ಮಕ್ಕಳು ಹಸಿದಿರಲ್ಲ, ಬೇರೆ ತಾಯಂದಿರು ಕೊಟ್ಟ ಹಾಲಿದೆ. ನಾಳೆ ನಿಮ್ಮಕ್ಕನ ಹಾಲೇ ಕುಡೀಲಿ."

ಅವನು ಹಾಳೆ ತೆಗೆದುಕೊಂಡ. ಹೊರಡಲಿಲ್ಲ.

"ನಿಮಗೆ ಥ್ಯಾಂಕ್ಸ್ ಹೇಳಬೇಕೋ, ಬೈಬೇಕೋ ಗೊತ್ತಾಗ್ತಿಲ್ಲ."

"ನಾಳೆ ಹಾಲು ತನ್ನಿ. ಆಮೇಲೆ ಬೈಯುವಿರಂತೆ."

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಆ ಖಾಲಿ ಬಾಟಲಿಯನ್ನೇ ನೋಡುತ್ತ ನಿಂತಳು. 'ಇವನು ನಾಳೆ ಬರುತ್ತಾನಾ?' ಎಂದುಕೊಂಡಳು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಲಕ್ಕ ಎಂದು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಕೋಣೆ. ಒಳಗೆ ಎರಡು ಫ್ರಿಜ್, ಒಂದು ಸ್ಟೀಲ್ ಮೇಜು, ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ತಾಯಂದಿರ ಹಾಲನ್ನು ಜೋಪಾನ ಮಾಡಿ, ಯಾವ ಕೂಸಿಗೆ ಎಷ್ಟು ಎಂದು ಅಳೆದು, ಸಿರಿಂಜುಗಳಿಗೆ ತುಂಬಿ ಒಳಗೆ ಕಳಿಸುವುದು ಅವಳ ಕೆಲಸ.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಆ ಕೂಸುಗಳು ಮಲಗಿರುತ್ತಿದ್ದವು. ಅಂಗೈಯಗಲದ ಬೆನ್ನು. ದಾರದೆಳೆಯಂಥ ಬೆರಳುಗಳು, ಅವುಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಉಗುರು. ಕೆಲಸಕ್ಕೆ ಸೇರಿ ವರ್ಷಗಳೇ ಕಳೆದಿದ್ದರೂ ಆ ಉಗುರುಗಳನ್ನು ನೋಡಿದಾಗ ಅವಳ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಇಷ್ಟು ಸಣ್ಣದಾಗಿ, ಆದರೂ ಇಷ್ಟು ಪೂರ್ತಿಯಾಗಿ, ಯಾರು ಮಾಡಿದರು ಇದನ್ನು?

ಅವಳೊಳಗೆ ಒಂದು ಹೆದರಿಕೆಯೂ ಇತ್ತು. ಶಾಲೆಯಲ್ಲಿ ಅವಳು ಲೆಕ್ಕದಲ್ಲಿ ಪಾಸಾದದ್ದೇ ಕಷ್ಟಪಟ್ಟು. ಇಲ್ಲಿ ದಿನ ಬೆಳಗಾದರೆ ಲೆಕ್ಕ. ನಿನ್ನೆ ಕುಡಿದ ಅಳತೆಯ ಮೇಲೆ ವೈದ್ಯರು ಹೇಳಿದಷ್ಟು ಏರಿಸಬೇಕು. ಹೊಟ್ಟೆ ತಡೆಯದ ಕೂಸಿಗೆ ಏರಿಸಬಾರದು. ಒಂದು ಅಂಕಿ ತಪ್ಪಿದರೆ...

ಅದಕ್ಕೇ ಕ್ಯಾಲ್ಕುಲೇಟರ್ ಹಿಡಿದು ಪ್ರತಿ ಅಂಕಿಯನ್ನೂ ತಿರುತಿರುಗಿ ನೋಡುತ್ತಿದ್ದಳು. ಮನೆಗೆ ಹೋದರೂ ಅದೇ ಗುಂಗು.

"ಏನಮ್ಮಾ, ತಟ್ಟೆ ಮುಂದೆ ಕೂತು ಬೆರಳು ಮಡಚ್ತಿದೀಯ?" ಎನ್ನುತ್ತಿದ್ದರು ಅಪ್ಪ. ಬಸ್ ಓಡಿಸಿ ನಿವೃತ್ತರಾದವರು. "ನಾನು ಇಡೀ ಬಸ್ಸು ಓಡಿಸ್ದೆ, ಮನೇಗೆ ಬಂದು ಯಾವತ್ತಾದ್ರೂ ಮಂಚಕ್ಕೆ ಬ್ರೇಕ್ ಹಾಕಿದ್ನಾ?"

"ನಿದ್ದೇಲಿ ಹಾಕ್ತಿದ್ರಿ ಅಂತ ಅಮ್ಮ ಹೇಳ್ತಿದ್ರು."

ಅಪ್ಪ ಗೋಡೆಯ ಮೇಲಿನ ಅಮ್ಮನ ಫೋಟೋ ಕಡೆ ನೋಡಿ, "ಎಲ್ಲಾ ಹೇಳ್ಬಿಟ್ಟಿದಾಳೆ ನಿಮ್ಮಮ್ಮ" ಎಂದು ನಗುತ್ತಿದ್ದರು.

ಮರುದಿನ ಅವನು ಬಂದ. ಬಾಟಲಿಯ ಮೇಲೆ ಲೇಬಲ್, ಮುಚ್ಚಳದ ಮೇಲೆ ಲೇಬಲ್, ಐಸ್ ಬಾಕ್ಸಿನ ನಾಲ್ಕೂ ಬದಿಗೆ ಲೇಬಲ್.

ಅವಳಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಹಣೆ ಮೇಲೊಂದು ಬಾಕಿ ಇದೆ."

"ಹಾಳೆ ಮುಗಿದುಹೋಯ್ತು" ಎಂದ ಅವನು, ಗಂಭೀರವಾಗಿ.

ಆಮೇಲೆ ದಿನವೂ ಬಂದ. ಅಕ್ಕನ ಗಂಡ ಹಡಗಿನಲ್ಲಿ ಅಡುಗೆಯವರು. ಹಡಗು ಇನ್ನೂ ನಡುನೀರಿನಲ್ಲಿತ್ತು. ಹಾಗಾಗಿ ಹಾಲು ತರುವವನು, ಸಹಿ ಹಾಕುವವನು, ಕಾರಿಡಾರಿನ ಬೆಂಚಿನ ಮೇಲೆ ಕೂತು ಕಾಯುವವನು ಎಲ್ಲ ಇವನೇ. ನರ್ಸುಗಳು ಅವನಿಗೆ ಅವಳಿ ಮಾವ ಎಂದು ಹೆಸರಿಟ್ಟರು.

ಒಂದು ಮಧ್ಯಾಹ್ನ ವಾರ್ಡಿನ ದೊಡ್ಡ ಸಿಸ್ಟರ್ ಅವನನ್ನು ಕರೆದರು. "ಬಾಪ್ಪಾ, ಕೈ ತೊಳ್ಕೊಂಡು ಅಂಗಿ ಗುಂಡಿ ಬಿಚ್ಚು."

"ಯಾಕೆ ಸಿಸ್ಟರ್?"

"ಕೂಸಿಗೆ ಎದೆ ಶಾಖ ಬೇಕು. ತಾಯಿ ಬರೋ ತನಕ ಮಾವನ ಎದೆ. ಕೂತ್ಕೊ."

ಅವಳು ಸಿರಿಂಜುಗಳ ಟ್ರೇ ಹಿಡಿದು ಗಾಜಿನ ಆಚೆ ನಿಂತಿದ್ದಳು. ದೊಡ್ಡ ಸಿಸ್ಟರ್ ಅವಳಿಗಳಲ್ಲಿ ಚಿಕ್ಕವಳನ್ನು ಎತ್ತಿ ಅವನ ಎದೆಯ ಮೇಲೆ ಮಲಗಿಸಿದರು. ಕೂಸು ಒಮ್ಮೆ ಮುದುಡಿತು. ಪುಟ್ಟ ಕಾಲು ಅವನ ಚರ್ಮವನ್ನು ತಳ್ಳಿತು. ಆಮೇಲೆ ನಿಧಾನವಾಗಿ, ಬಿಸಿಲು ಸಿಕ್ಕ ಎಲೆಯಂತೆ, ಬಿಚ್ಚಿಕೊಂಡು ಹರಡಿತು.

ಅವನು ಅಲುಗಲಿಲ್ಲ. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಕೂಸು ಎಚ್ಚರವಾದೀತು ಎಂದು ಅದನ್ನೂ ಬಿಟ್ಟಿದ್ದ. ಮಾನಿಟರಿನಲ್ಲಿ ಓಡುತ್ತಿದ್ದ ಕೂಸಿನ ಉಸಿರಿನ ಗೆರೆ ಶಾಂತವಾಗಿ, ಒಂದೇ ಸಮನಾಯಿತು.

ಅವಳು ಟ್ರೇಯನ್ನು ಪಕ್ಕದ ಮೇಜಿನ ಮೇಲಿಟ್ಟಳು. ಮನುಷ್ಯನ ಎದೆಗೆ ಇಷ್ಟು ಶಕ್ತಿಯೇ? ಸುಮ್ಮನೆ ಕೂತವನೊಬ್ಬ ಇನ್ನೊಂದು ಜೀವದ ಉಸಿರನ್ನು ಹೀಗೆ ಸರಿಮಾಡಬಲ್ಲನೇ?

'ಇವನನ್ನು ನೋಡಬೇಡ' ಎಂದು ಮನಸ್ಸು ಹೇಳಿತು. ಅವಳು ನೋಡುತ್ತಲೇ ಇದ್ದಳು.

ಕೆಲವು ದಿನಗಳ ನಂತರ ಅವನು ಕಿಟಕಿಯಲ್ಲಿ ಇಣುಕಿದಾಗ ಅವಳು ಕಂಪ್ಯೂಟರಿನಲ್ಲಿ ಅಳತೆಗಳ ಹಾಳೆ, ಅಂದರೆ ಸ್ಪ್ರೆಡ್‌ಶೀಟ್, ತೆರೆದು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಳು. ಒಂದು ಅಂಕಿ ಅಳಿಸುವುದು, ಕ್ಯಾಲ್ಕುಲೇಟರಿನಲ್ಲಿ ಕೂಡುವುದು, ಹೊಸ ಅಂಕಿ ಬರೆಯುವುದು.

"ಪ್ರತಿ ಕೂಸಿಗೂ ಹೀಗೇ ಮಾಡ್ತೀರಾ?"

"ಇನ್ನೇನು ಮಾಡ್ಲಿ?"

"ಕಂಪ್ಯೂಟರ್ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಕೊಳ್ಳೋದು, ಕಾರಿನ ಮುಂದೆ ಎತ್ತು ಕಟ್ಟಿದ ಹಾಗೆ. ಸಂಜೆ ನಾನು ಅಂಗಡಿಯವರಿಗೆ, ಗುಮಾಸ್ತರಿಗೆ ಇದನ್ನೇ ಕಲಿಸೋದು. ಹೇಳ್ಕೊಡ್ಲಾ?"

"ನಾನು ಲೆಕ್ಕದಲ್ಲಿ ದಡ್ಡಿ. ಮೊದಲೇ ಹೇಳಿಬಿಡ್ತೀನಿ."

"ದಡ್ಡರಿಗೆ ತಪ್ಪಾಗಬಹುದು ಅನ್ನೋ ಅನುಮಾನಾನೇ ಬರಲ್ಲ. ನೀವು ಒಂದೊಂದನ್ನೂ ಎಷ್ಟು ಸಲ ನೋಡ್ತೀರಿ ಅಂತ ನಾನು ನೋಡಿದೀನಿ."

ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅವಳು ಕುರ್ಚಿ ಸರಿಸಿ, ಇನ್ನೊಂದು ಕುರ್ಚಿಗೆ ಜಾಗ ಮಾಡಿದಳು.

ಮಧ್ಯಾಹ್ನದ ಹಾಲು ಕಳಿಸಿದ ಮೇಲೆ ಸಿಗುವ ಸ್ವಲ್ಪ ಹೊತ್ತು ಅವರ ಪಾಠದ ಹೊತ್ತಾಯಿತು. ಕೂಡುವುದು, ಬಣ್ಣ ಹಾಕುವುದು, ಸಾಲು ಜೋಡಿಸುವುದು... ಅವನು ಆತುರಪಡುತ್ತಿರಲಿಲ್ಲ. ಅವಳು ತಪ್ಪು ಮಾಡಿದರೆ, "ಬಿಡಿ, ಏನೂ ಮುಳುಗಿಹೋಗಲಿಲ್ಲ. ಹಿಂದಕ್ಕೆ ಹೋಗೋ ಗುಂಡಿ ಒತ್ತಿ" ಎನ್ನುತ್ತಿದ್ದ. ಒತ್ತಿದರೆ ತಪ್ಪು ಮಾಯ. ಬದುಕಿನಲ್ಲೂ ಇಂಥದ್ದೊಂದು ಗುಂಡಿ ಇದ್ದಿದ್ದರೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಕೊನೆಗೊಂದು ದಿನ ಅವನು ಹೇಳಿದ, "ಇವತ್ತು ಮ್ಯಾಕ್ರೋ."

"ಹೆಸರು ಕೇಳಿದ್ರೇನೇ ಭಯ ಆಗುತ್ತೆ."

"ಮ್ಯಾಕ್ರೋ ಅಂದ್ರೆ ಇಷ್ಟೇ. ನೀವು ಮಾಡೋ ಕೆಲಸಾನ ಕಂಪ್ಯೂಟರ್ ಒಂದು ಸಲ ನೋಡ್ಕೊಳ್ಳುತ್ತೆ. ಆಮೇಲೆ ಕೇಳಿದಾಗೆಲ್ಲ ತಾನೇ ಹಾಗೇ ಮಾಡುತ್ತೆ. ರೆಕಾರ್ಡ್ ಒತ್ತಿ, ಒಂದು ಸಲ ಮಾಡಿ ತೋರಿಸಿ."

ಹಾಳೆಯಲ್ಲಿ ಎರಡು ಕಾಲಂ ಇದ್ದವು. ಒಂದರಲ್ಲಿ ನಿನ್ನೆಯ ಅಳತೆ, ಪಕ್ಕದಲ್ಲಿ ಇಂದಿನ ಏರಿಕೆ. ಹೊಟ್ಟೆ ತಡೆಯದ ಕೂಸಿನ ಏರಿಕೆಯ ಜಾಗದಲ್ಲಿ ಸೊನ್ನೆ. ಅವಳು ಏರಿಕೆಯ ಕಾಲಂ ನಕಲು ಮಾಡಿ, ಅಳತೆಯ ಕಾಲಂ ಮೇಲೆ 'ಕೂಡು' ಎಂದು ಆರಿಸಿ ಅಂಟಿಸಿದಳು. ನಡುವೆ ಬೆರಳು ಜಾರಿ ಬೇರೆ ಕಡೆ ಹೋಗಿ, ಮತ್ತೆ ವಾಪಸ್ ಬಂದಳು. ರೆಕಾರ್ಡ್ ನಿಲ್ಲಿಸಿದಳು. ಅವನು ಹಾಳೆಯ ಮೇಲೆ ಒಂದು ಹಸಿರು ಗುಂಡಿ ಇಟ್ಟು, ಅಂಕಿಗಳನ್ನೆಲ್ಲ ಮೊದಲಿನಂತೆ ಮಾಡಿದ.

"ಈಗ ಒತ್ತಿ."

ಒತ್ತಿದಳು.

ಪರದೆ ಒಮ್ಮೆ ಮಿನುಗಿತು. ಮೇಲಿಂದ ಕೆಳಗಿನವರೆಗೆ ಅಷ್ಟೂ ಅಂಕಿಗಳು, ಅವಳು ಮುಟ್ಟದೆ, ತಾವಾಗಿಯೇ ಬದಲಾದವು. ಬೆಳಿಗ್ಗೆಯೆಲ್ಲ ಹಿಡಿಯುತ್ತಿದ್ದ ಕೆಲಸ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ!

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸೊನ್ನೆ ಇದ್ದ ಕೂಸಿನ ಅಳತೆ ಹಾಗೇ ಇತ್ತು, ಉಳಿದವರದು ತಕ್ಕಷ್ಟೇ ಏರಿತ್ತು. ಕ್ಯಾಲ್ಕುಲೇಟರ್ ಹಿಡಿದು ಒಂದೊಂದನ್ನೂ ಪರೀಕ್ಷಿಸಿದಳು. ಎಲ್ಲವೂ ಸರಿ.

"ಇದು ನಾನು ಮಾಡಿದ್ದಾ?" ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ.

"ನೀವೇ. ನಾನು ಗುಂಡಿಗೆ ಬಣ್ಣ ಹಾಕಿದ್ದು ಅಷ್ಟೇ."

ಅವಳು ಅವನ ಕಡೆ ತಿರುಗಿದಳು. ಅವನು ಪರದೆ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಕೇಳುತ್ತಿತ್ತು.

ಅವನೇ ಮೊದಲು ಎದ್ದ. "ಇನ್ನೊಂದು ಸಣ್ಣ ವಿಷಯ ಇದೆ. ನಾಳೆ ಹೇಳ್ತೀನಿ."

ಮಕ್ಕಳ ಡಾಕ್ಟರಮ್ಮ ಬಂದು ನೋಡಿ, "ಚೆನ್ನಾಗಿದೆ. ಆದ್ರೂ ಕೈಯಲ್ಲಿ ಒಂದ್ಸಲ ತಾಳೆ ನೋಡ್ದೆ ಹಾಲು ಕಳಿಸ್ಬೇಡಿ" ಎಂದು ಒಪ್ಪಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಹೊಸ ಕೂಸೊಂದು ಬಂದಿತ್ತು. ವಾರ್ಡೆಲ್ಲ ಓಡಾಟ. ಅವಳು ಏರಿಕೆಗಳನ್ನು ತುಂಬಿ ಹಸಿರು ಗುಂಡಿ ಒತ್ತಿದಳು. ಹಳೆಯ ಕಂಪ್ಯೂಟರ್ ಅಲುಗಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಇನ್ನೊಮ್ಮೆ ಒತ್ತಿದಳು. ಅಂಕಿಗಳು ಬದಲಾದವು. ಲೇಬಲ್‌ಗಳು ಅಚ್ಚಾದವು. ಒಳಗಿನಿಂದ ಸಿಸ್ಟರ್ ಕೂಗುತ್ತಿದ್ದರು. ಸಿರಿಂಜುಗಳಿಗೆ ಹಾಲು ತುಂಬತೊಡಗಿದಳು. ತಾಳೆ ನೋಡುವುದು ಅವಸರದಲ್ಲಿ ಮರೆತುಹೋಗಿತ್ತು.

ಅವಳಿಗಳಲ್ಲಿ ಚಿಕ್ಕವಳ ಸಿರಿಂಜು ತುಂಬುವಾಗ ಅವಳ ಕೈ ನಿಂತಿತು.

ಹಾಲು ಬಹಳ ಮೇಲಿತ್ತು. ನಿನ್ನೆಯ ಗೆರೆ ಅವಳಿಗೆ ನೆನಪಿತ್ತು. ಒಂದು ರಾತ್ರಿಯಲ್ಲಿ ಆ ಪುಟ್ಟ ಹೊಟ್ಟೆ ಇಷ್ಟು ಹಿಗ್ಗಲಾರದು.

ಕಂಪ್ಯೂಟರಿನ ಕಡೆ ಓಡಿದಳು. ಎಲ್ಲ ಅಂಕಿಗಳೂ ಎರಡೆರಡು ಸಲ ಏರಿದ್ದವು. ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಅದು ಬಣ್ಣಗೆಟ್ಟು ಸತ್ತಂತೆ ಬಿದ್ದಿತ್ತು. ಮ್ಯಾಕ್ರೋ ಮಾಡಿದ್ದನ್ನು ಆ ಗುಂಡಿ ಹಿಂದಕ್ಕೆ ತರುವುದಿಲ್ಲವೆಂದು ಅವಳಿಗೆ ಅಂದೇ ಗೊತ್ತಾದದ್ದು.

ಒಂದು ಹನಿಯೂ ಯಾವ ಕೂಸಿಗೂ ಹೋಗಿರಲಿಲ್ಲ. ವೈದ್ಯರ ಬರಹ ಮುಂದಿಟ್ಟುಕೊಂಡು, ಎಲ್ಲವನ್ನೂ ಮತ್ತೆ ಅಳೆದಳು. ಹಾಲು ತಡವಾಯಿತು. ಒಳಗಿನಿಂದ ಹಸಿದ ಕೂಸುಗಳ ಅಳು, ಬೆಕ್ಕಿನ ಮರಿಗಳ ದನಿಯಷ್ಟು ಸಣ್ಣದಾಗಿ ಕೇಳಿಸುತ್ತಿತ್ತು. ಆ ಅಳು ಅವಳ ಎದೆ ಸೀಳಿತು.

ಕೆಲಸ ಮುಗಿದೊಡನೆ ತಾನೇ ಹೋಗಿ ಡಾಕ್ಟರಮ್ಮನಿಗೆ ಹೇಳಿದಳು. ಅವರು ಬೈಯಲಿಲ್ಲ. "ನಾನು ಹೇಳೋ ತನಕ ಆ ಗುಂಡಿ ಮುಟ್ಬೇಡಿ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಅವನು ಐಸ್ ಬಾಕ್ಸ್ ಹಿಡಿದು ನಗುತ್ತ ಬಂದ. ಅವಳ ಮುಖ ನೋಡಿ ನಗು ನಿಂತಿತು.

"ಏನಾಯ್ತು?"

"ಇವತ್ತು ಎಲ್ಲ ಮಕ್ಕಳ ಅಳತೇನೂ ತಪ್ಪಾಗಿ ಬಂತು."

ಅವನ ಮುಖ ಬಿಳುಚಿತು. "ಎರಡು ಸಲ ಒತ್ತಿದ್ರಾ?"

ಅವಳು ನಿಧಾನವಾಗಿ ತಲೆ ಎತ್ತಿದಳು. ಎರಡು ಸಲ ಒತ್ತಿದ್ದನ್ನು ಅವಳು ಇನ್ನೂ ಹೇಳಿರಲೇ ಇಲ್ಲವಲ್ಲ...

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"...ಗೊತ್ತಿತ್ತು. ಒತ್ತಿದಷ್ಟು ಸಲಾನೂ ಕೂಡುತ್ತೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಇವತ್ತು ಹೇಳೋಣ ಅಂತಿದ್ದೆ. ಅದೇ ಆ ಸಣ್ಣ ವಿಷಯ."

"ಸಣ್ಣ ವಿಷಯ." ಅವಳು ವಾರ್ಡಿನ ಕಡೆ ಕೈ ತೋರಿಸಿದಳು. "ಒಳಗಿರೋದು ಮಕ್ಕಳು. ನಿಮ್ಮ ಅಕ್ಕನ ಹೊಟ್ಟೇಲಿ ಹುಟ್ಟಿದವರೂ ಅಲ್ಲೇ ಇದಾರೆ. ಇವಳು ದಡ್ಡಿ, ಸ್ವಲ್ಪ ಸ್ವಲ್ಪಾನೇ ಹೇಳೋಣ, ತಪ್ಪು ಮಾಡಲಿ, ಆಮೇಲೆ ನನ್ನ ಹತ್ರಾನೇ ಬರ್ತಾಳೆ ಅಂದ್ಕೊಂಡ್ರಾ?"

ಅವನು ಬಾಯಿ ತೆರೆದ. ಒಂದು ಮಾತು ತುಟಿಯವರೆಗೆ ಬಂದು ನಿಂತಿತು. ಆ ಮಾತು ಹೇಳುವ ಹೊತ್ತಲ್ಲ ಇದು ಎನ್ನಿಸಿತು. "ಹಾಗಲ್ಲ" ಎಂದಷ್ಟೇ ಹೇಳಿದ.

"ಹಾಲು ಇಟ್ಟು ಹೋಗಿ. ಇನ್ನು ಈ ಕೋಣೆಗೆ ಬರಬೇಡಿ."

ಅವನು ಬಾಟಲಿಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟು ಹೊರಟುಹೋದ. ಮರುದಿನದಿಂದ ಹಾಲು ಮುಖ್ಯದ್ವಾರದ ಕಾವಲುಗಾರನ ಕೈಯಲ್ಲಿ ಬರತೊಡಗಿತು.

ಅವಳು ಮತ್ತೆ ಕ್ಯಾಲ್ಕುಲೇಟರ್ ಹಿಡಿದಳು. ಕಾರಿಡಾರಿನ ಬೆಂಚಿನ ಕಡೆ ನೋಡಬಾರದೆಂದು ಹಟ ತೊಟ್ಟಳು. ದಿನಕ್ಕೆ ಹತ್ತಾರು ಸಲ ನೋಡಿದಳು. 'ಹೋದದ್ದು ಒಳ್ಳೆಯದೇ ಆಯಿತು' ಎಂದುಕೊಳ್ಳುವಾಗಲೆಲ್ಲ ಕಣ್ಣು ತುಂಬುತ್ತಿತ್ತು.

ವಾರವೊಂದು ಕಳೆದ ಮೇಲೆ ಡಾಕ್ಟರಮ್ಮ ಕೋಣೆಗೆ ಬಂದರು. "ಆ ಗುಂಡಿ ಒಳಗೆ ಏನಿದೆ ಅಂತ ನಿಮಗೆ ಗೊತ್ತಾ?"

"ಇಲ್ಲ ಡಾಕ್ಟರ್."

"ಗೊತ್ತಿಲ್ಲದೇ ಒತ್ತಿದ್ದೇ ತಪ್ಪಾಗಿದ್ದು. ತಿಳ್ಕೊಳ್ಳಿ. ನಿಮಗೆ ಪೂರ್ತಿ ಅರ್ಥ ಆದ ದಿನ ನನ್ನನ್ನ ಕರೀರಿ."

ಆ ದಿನ ಮಧ್ಯಾಹ್ನ, ಮಕ್ಕಳ ಅಳತೆಗಳ ಹಾಳೆಯನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಕೊಂಡು, ಅವಳು ಮೊದಲ ಬಾರಿಗೆ ಮ್ಯಾಕ್ರೋ ಬಿಚ್ಚಿ ನೋಡಿದಳು.

ಇಂಗ್ಲಿಷಿನ ಗಿಡ್ಡ ಗಿಡ್ಡ ಸಾಲುಗಳು. ಒಂದೊಂದೇ ಸಾಲು ನಡೆಸಿ ನೋಡುವ ಗುಂಡಿಯೊಂದನ್ನು ಹುಡುಕಿಕೊಂಡಳು. ಒತ್ತಿದಾಗ ಒಂದು ಸಾಲು ಹಳದಿಯಾಗುತ್ತಿತ್ತು, ಹಾಳೆಯಲ್ಲಿ ಏನೋ ಒಂದು ನಡೆಯುತ್ತಿತ್ತು. ಇದು ನಕಲು ಮಾಡುವ ಸಾಲು. ಇದು ಕೂಡುವ ಸಾಲು. ನಡುವೆ ಒಂದು ಸಾಲು ಎಲ್ಲಿಗೋ ಹೋಗಿ, ಏನೂ ಮಾಡದೆ ವಾಪಸ್ ಬರುತ್ತಿತ್ತು. ಇದೇನಿದು?

ಥಟ್ಟನೆ ಹೊಳೆಯಿತು. ಅವತ್ತು ಅವಳ ಬೆರಳು ಜಾರಿತ್ತಲ್ಲ... ಅದು!

ಅವಳ ಮೈ ಜುಮ್ಮೆಂದಿತು. ಆ ಯಂತ್ರ ಅವಳ ಕೈಯನ್ನು ಅಷ್ಟು ಶ್ರದ್ಧೆಯಿಂದ ನೋಡಿತ್ತು. ತಡಬಡಾಯಿಸಿದ್ದನ್ನೂ ಬಿಡದೆ ಬರೆದಿಟ್ಟುಕೊಂಡಿತ್ತು. ಈ ಸಾಲುಗಳಲ್ಲಿ ಮಾಟವಿರಲಿಲ್ಲ, ಮೋಸವೂ ಇರಲಿಲ್ಲ. ಅವಳೇ ಇದ್ದಳು.

ಬೇಡದ ಸಾಲು ಅಳಿಸಿದಳು. ಆಮೇಲೆ ಯೋಚಿಸಿದಳು. ಒಂದು ದಿನಕ್ಕೆ ಒಂದೇ ಸಲ ನಡೆಯಬೇಕು. ಹಾಗಾದರೆ ನಡೆದ ತಾರೀಕನ್ನು ಒಂದು ಮೂಲೆಯಲ್ಲಿ ಬರೆದಿಡಲಿ. ಮತ್ತೆ ಒತ್ತಿದಾಗ, ಅಲ್ಲಿ ಇವತ್ತಿನ ತಾರೀಕೇ ಇದ್ದರೆ ನಿಂತುಬಿಡಲಿ. ಇದನ್ನು ಆ ಭಾಷೆಯಲ್ಲಿ ಹೇಳುವುದು ಹೇಗೆ? ಊಟದ ಹೊತ್ತಿನಲ್ಲಿ ಕಂಪ್ಯೂಟರಿನ ಸಹಾಯದ ಪುಟಗಳನ್ನು ಓದಿದಳು. ಬರೆದಳು, ತಪ್ಪೆಂದು ಸಾಲು ಕೆಂಪಾಯಿತು. ಅಳಿಸಿದಳು. ಹಲವು ಮಧ್ಯಾಹ್ನಗಳು ಹೀಗೇ ಕಳೆದವು.

ಒಂದು ದಿನ ಒತ್ತಿದಾಗ ಅಂಕಿಗಳು ಏರಿದವು. ಉಸಿರು ಹಿಡಿದು ಎರಡನೇ ಸಲ ಒತ್ತಿದಳು.

ಪರದೆಯ ನಡುವೆ ಒಂದು ಚಿಕ್ಕ ಚೌಕ ಎದ್ದಿತು. ಅದರಲ್ಲಿ ಅವಳೇ ಬರೆದ ಮಾತು. "ಇವತ್ತಿನದು ಆಗಿದೆ."

ಒಂದು ಅಂಕಿಯೂ ಅಲುಗಿರಲಿಲ್ಲ.

ಅವಳು ಕುರ್ಚಿಗೆ ಒರಗಿದಳು. ಲೆಕ್ಕದಲ್ಲಿ ದಡ್ಡಿ ಎಂದುಕೊಂಡು ಬೆಳೆದವಳ ಮಾತನ್ನು ಒಂದು ಯಂತ್ರ ಅರ್ಥಮಾಡಿಕೊಂಡಿತ್ತು. ಬೇಡ ಎಂದರೆ ನಿಂತಿತ್ತು. ಕೋಣೆಯ ಫ್ರಿಜ್ಜು, ಮೇಜು, ಸಿಂಕು ಎಲ್ಲವೂ ಹೊಸದಾಗಿ ಕಂಡವು. ಯಾರಿಗಾದರೂ ಹೇಳಬೇಕು... ಈಗಲೇ ಹೇಳಬೇಕು.

ಮನಸ್ಸಿಗೆ ಬಂದದ್ದು ಒಂದೇ ಮುಖ. ಆ ಮುಖವನ್ನು ಕೋಣೆಯಿಂದ ಕಳಿಸಿದವಳು ಅವಳೇ.

ಡಾಕ್ಟರಮ್ಮ ತಾವೇ ಬಂದು ಗುಂಡಿಯನ್ನು ಟಪಟಪನೆ ಒತ್ತಿ ನೋಡಿದರು. ಪ್ರತಿ ಸಲವೂ ಅದೇ ಚೌಕ. ಅವರು ನಕ್ಕು, "ನನ್ನ ಮಾತೂ ಇಷ್ಟು ಕಟ್ಟುನಿಟ್ಟಾಗಿ ಯಾರೂ ಕೇಳಲ್ಲ. ನಾಳೆಯಿಂದ ಬಳಸಿ. ತಾಳೆ ನೋಡೋದು ಮಾತ್ರ ಬಿಡ್ಬೇಡಿ" ಎಂದರು.

ಅವಳಿಗಳು ಬೆಳೆದವು. ಕೆನ್ನೆ ತುಂಬಿತು, ಅಳು ದೊಡ್ಡದಾಯಿತು. ಜ್ವರ ಇಳಿದ ಅವರ ತಾಯಿ ತಾನೇ ಬಂದು ಹಾಲುಣಿಸತೊಡಗಿದಳು. ಮನೆಗೆ ಕಳಿಸುವ ದಿನವೂ ಬಂತು. ಕೂಸುಗಳು ಎರಡು, ತಾಯಿಯ ಕೈಯಲ್ಲಿ ಇನ್ನೂ ಪೂರ್ತಿ ಬಲವಿಲ್ಲ. ಹಾಗಾಗಿ ಅವನು ಒಳಗೆ ಬರಲೇಬೇಕಾಯಿತು.

ಚಿಕ್ಕವಳನ್ನು ಎತ್ತಿಕೊಂಡು ಹಾಲಿನ ಕೋಣೆಯ ಹೊಸ್ತಿಲ ಆಚೆಯೇ ನಿಂತ. ಸೊರಗಿದ್ದ.

"ಮನೇಲಿ ಹೇಗೆ ಕುಡಿಸೋದು ಅಂತ ಇವನಿಗೆ ಹೇಳ್ಕೊಡಿ ಹಾಲಕ್ಕ" ಎಂದಳು ಅವನ ಅಕ್ಕ. "ನನ್ನ ತಲೇಲಿ ಏನೂ ನಿಲ್ತಿಲ್ಲ. ಇವನ ತಲೇಲಂತೂ ನೀವು ಬಿಟ್ರೆ ಬೇರೇನೂ ಇಲ್ಲ."

"ಅಕ್ಕಾ..."

"ಏನು ಅಕ್ಕಾ? ಗೇಟ್ ಹತ್ರ ಹಾಲು ಕೊಟ್ಟು, ಈ ಕಿಟಕಿ ನೋಡ್ಕೊಂಡು ನಿಂತಿರ್ತಿದ್ದ ಅಂತ ಆ ಕಾವಲಿನವರೇ ಹೇಳಿದ್ರು." ದೊಡ್ಡ ಕೂಸನ್ನು ಎತ್ತಿಕೊಂಡು ಅವಳು ಸಹಿ ಹಾಕಲು ಹೊರಟುಹೋದಳು.

ಮೊದಲು ಮಾತಾಡಿದವನು ಅವನು.

"ಅವತ್ತು ನಾನು ಹೇಳಬೇಕಿತ್ತು. ನೀವು ದಡ್ಡಿ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಪಾಠ ಅವತ್ತೇ ಮುಗೀತಿತ್ತು. ಮುಗಿದ್ರೆ ಮಾರನೇ ದಿನ ನಿಮ್ಮ ಪಕ್ಕ ಕೂರೋಕೆ ನನಗೆ ಏನೂ ಉಳೀತಿರಲಿಲ್ಲ. ಅದಕ್ಕೇ ಒಂದು ವಿಷಯ ಉಳಿಸ್ಕೊಂಡೆ."

"ನನ್ನ ನೋಡೋಕೆ ಅಂತ... ಮಕ್ಕಳ ಹಾಲಿನ ವಿಷಯ ಮುಚ್ಚಿಟ್ರಾ?"

"ಹೌದು. ಒಂದೇ ದಿನ ತಾನೇ ಅಂದ್ಕೊಂಡೆ. ಕ್ಷಮಿಸಿ ಅಂತ ಕೇಳೋ ಮುಖಾನೂ ಇರಲಿಲ್ಲ. ಅದಕ್ಕೇ ಬರಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಅದರ ಜೊತೆಗೇ ಬೇರೆ ಏನೋ ಬಂತು, ಅದಕ್ಕಿಂತ ದೊಡ್ಡದು. ತಪ್ಪಿಗೆ ಬಣ್ಣ ಹಚ್ಚದೆ ಹೀಗೆ ಮುಂದೆ ಇಡುವವರನ್ನು ಅವಳು ಹೆಚ್ಚು ನೋಡಿರಲಿಲ್ಲ.

"ಅವತ್ತು ತಾಳೆ ನೋಡದೆ ತುಂಬಿದ್ದು ನಾನು" ಎಂದಳು. "ಬೈದಿದ್ದು ಮಾತ್ರ ನಿಮಗೊಬ್ಬರಿಗೇ. ಒಳಗೆ ಬನ್ನಿ. ಒಂದು ತೋರಿಸ್ಬೇಕು."

ನಕಲು ಹಾಳೆ ತೆರೆದಳು. ಕೂಸನ್ನು ಎಡಗೈಗೆ ಸರಿಸಿಕೊಂಡು ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ. ಚೌಕ ಎದ್ದಾಗ ಅವನ ಹುಬ್ಬು ಮೇಲೇರಿತು. ಮ್ಯಾಕ್ರೋ ಬಿಚ್ಚಿ ಓದಿದ. ಬಹಳ ಹೊತ್ತು ಓದಿದ.

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ."

"ನಾನು ಹೇಳ್ಕೊಡ್ಬೇಕು ಅಂತಿದ್ದಿದ್ದು ಬೇರೆ. ಎರಡನೇ ಸಲ ಒತ್ತಿದ್ರೆ 'ಹೌದಾ, ಅಲ್ವಾ' ಅಂತ ಕಂಪ್ಯೂಟರ್ ಕೈಲಿ ಕೇಳಿಸೋದು, ಅಷ್ಟೇ. ಅವಸರದಲ್ಲಿ ಇರೋರು ಅದಕ್ಕೂ ಹೌದು ಅಂತ ಒತ್ತಿಬಿಡ್ತಾರೆ. ಇದು ಅದಕ್ಕಿಂತ ಒಳ್ಳೇದು." ಅವನ ಕಣ್ಣಲ್ಲಿ ಹಬ್ಬಿದ್ದ ಬೆರಗು ನೋಡಿ ಅವಳ ಮುಖ ಬಿಸಿಯಾಯಿತು. "ನಿಮಗೆ ಕಲಿಸೋಕೆ ನನ್ನ ಹತ್ರ ಇನ್ನೇನೂ ಇಲ್ಲ."

ಅಷ್ಟರಲ್ಲಿ ಹೊರಗಿನಿಂದ ಅಕ್ಕ ಕರೆದಳು. ಕಾರು ಬಂದಿತ್ತು. ಅವನು ಕೂಸನ್ನು ಶಾಲಿನೊಳಗೆ ಮುಚ್ಚಿಕೊಂಡು ಹೊರಟ. ಹೇಳಬೇಕೆಂದಿದ್ದ ಮಾತನ್ನು ಹೇಳಲು ಅವಳಿಗೆ ಹೊತ್ತೇ ಸಿಗಲಿಲ್ಲ. ಕಿಟಕಿಯಲ್ಲಿ ನಿಂತು ಕಾರು ತಿರುಗುವುದನ್ನು ನೋಡಿದಳು. ಇನ್ನು ಅವನು ಈ ಕಟ್ಟಡಕ್ಕೆ ಬರಲು ಕಾರಣವೇ ಇಲ್ಲ.

ಸಂಜೆ ಕೈ ತೊಳೆದು, ಬಿಳಿ ಕೋಟು ಕಳಚಿ, ಚೀಲ ಹೆಗಲಿಗೇರಿಸಿ ಹೊರಬಂದಳು. ಇಳಿಬಿಸಿಲು ರಸ್ತೆಯ ಮೇಲೆಲ್ಲ ಚೆಲ್ಲಿತ್ತು.

ಗೇಟಿನ ಪಕ್ಕದ ಕಟ್ಟೆಯಿಂದ ಅವನು ಎದ್ದು ನಿಂತ.

ಅವಳ ಹೆಜ್ಜೆ ನಿಂತಿತು. "ಏನಾದ್ರೂ ಮರೆತ್ರಾ? ಮಕ್ಕಳು ಹುಷಾರಾಗಿದಾರಾ?"

"ಮಕ್ಕಳು ಚೆನ್ನಾಗಿದಾರೆ. ಹೊಟ್ಟೆ ತುಂಬ ಕುಡಿದು ಮಲಗಿದಾರೆ."

"ಮತ್ತೆ?"

"ಮತ್ತೆ ಏನೂ ಇಲ್ಲ." ಅವನು ಖಾಲಿ ಕೈಗಳನ್ನು ನೋಡಿಕೊಂಡ. "ಕೊಡೋಕೆ ಹಾಲಿಲ್ಲ, ಹೇಳೋಕೆ ಪಾಠ ಇಲ್ಲ. ನಿಮ್ಮನ್ನ ನೋಡೋಕೇ ಬಂದೆ. ನಾಳೇನೂ ಬರ್ತೀನಿ. ಬೇಡ ಅಂದ್ರೆ ಬರಲ್ಲ. ನನಗೆ ನಿಮ್ಮ ಮೇಲೆ ತುಂಬಾ ಪ್ರೀತಿ. ಇದನ್ನ ಮುಚ್ಚಿಟ್ಟು ಒಂದು ತಪ್ಪು ಆಗಿಹೋಯ್ತು, ಇನ್ನೊಂದು ಆಗೋದು ಬೇಡ."

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದರ ಸದ್ದು ನಿಧಾನವಾಗಿ ಕರಗಿತು. ಅವಳ ಬದುಕಿನಲ್ಲಿ ಎಲ್ಲವೂ ಲೆಕ್ಕ ಹಾಕಿ, ಹೆದರಿ, ತಿರುತಿರುಗಿ ನೋಡಿ ಬಂದದ್ದು. ಇದೊಂದು ಮಾತ್ರ ಹಾಗಲ್ಲ. ಹೇಗೆ ಬಂತು, ಎಷ್ಟು ಬಂತು ಎಂದು ಅಳೆಯಲು ಅವಳಿಂದಾಗಲಿಲ್ಲ. ಅಳೆಯಬೇಕು ಎಂದೂ ಅನ್ನಿಸಲಿಲ್ಲ.

"ಎಷ್ಟು ಹೊತ್ತಿಂದ ಇಲ್ಲೇ ಕೂತಿದೀಯಾ?" ಎಂದಳು.

ಅವನು ಬೆಚ್ಚಿ ನೋಡಿದ. "ಏನಂದ್ರಿ?"

"ಇಲ್ಲೇ ಕೂತಿದೀಯಾ ಅಂದೆ. ಊಟ ಮಾಡಿದ್ಯಾ?"

ಆ ಏಕವಚನ ಅವನ ಕಿವಿಯಿಂದ ಇಳಿದು ಎದೆ ತಲುಪುವವರೆಗೆ ಸ್ವಲ್ಪ ಹೊತ್ತು ಬೇಕಾಯಿತು. ತಲುಪಿದಾಗ ಅವನ ಕಣ್ಣು ತುಂಬಿ ಬಂತು.

"ಇಲ್ಲ" ಎಂದ.

"ನಮ್ಮಪ್ಪ ಮನೇಲಿ ಅಡುಗೆ ಮಾಡಿರ್ತಾರೆ. ಉಪ್ಪು ಸ್ವಲ್ಪ ಜಾಸ್ತಿ ಇರುತ್ತೆ. ಮಾತು ಅದಕ್ಕಿಂತ ಜಾಸ್ತಿ ಇರುತ್ತೆ. ಪರವಾಗಿಲ್ವಾ?"

"ಪರವಾಗಿಲ್ಲ."

ಅವಳು ಕೈ ಚಾಚಿದಳು.

"ಹಾಗಾದ್ರೆ ಬಾ."